ಉದ್ಯಮಬಾಗದ ಶೆಡ್ಡಿಗೆ ವಿಮಾನದ ಡ್ರಾಯಿಂಗ್ ಬಂದಾಗ: ಓದುವ ಕ್ರಮ, ತಿಳಿದಿರಬೇಕಾದ ಪದಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪ್ ಬಾಡಿ, ಹೈಡ್ರಾಲಿಕ್ ವಾಲ್ವ್, ಗಾಡಿಗಳ ಬಿಡಿಭಾಗ ಮಾಡಿ ಕೈ ಪಳಗಿದವರು ಬಹಳ ಮಂದಿ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಬಂದ ಮೇಲೆ ವಿಮಾನದ ಭಾಗಗಳ ಮಷಿನಿಂಗ್, ಫೋರ್ಜಿಂಗ್, ಮೇಲ್ಮೈ ಲೇಪನ ಜಿಲ್ಲೆಯೊಳಗೇ ನಡೆಯುತ್ತಿವೆ. ಐಟಿಐ, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುವವರಿಗೆ ಯಂತ್ರ ಹೊಸದೇನೂ ಆಗಿರುವುದಿಲ್ಲ. ವಿಎಂಸಿ (ಪ್ರೋಗ್ರಾಂನಿಂದ ನಡೆಯುವ ಮಿಲ್ಲಿಂಗ್ ಯಂತ್ರ) ಅದೇ, ಮೈಕ್ರೋಮೀಟರ್ ಅದೇ. ಅವರು ಎಡವುವುದು ಕಾಗದದಲ್ಲಿ. ಪಂಪಿನ ಡ್ರಾಯಿಂಗಿನಲ್ಲಿ ಅಳತೆ ಸರಿಯಾದರೆ ಜಾಬ್ ಸರಿ. ವಿಮಾನದ ಡ್ರಾಯಿಂಗಿನಲ್ಲಿ ಎಲ್ಲ ಅಳತೆ ಸರಿಯಿದ್ದೂ ಜಾಬ್ ತಿರಸ್ಕೃತವಾಗಬಹುದು, ಏಕೆಂದರೆ ಅಲ್ಲಿನ ಅರ್ಧ ಆದೇಶಗಳು ಅಳತೆಯ ರೂಪದಲ್ಲೇ ಇರುವುದಿಲ್ಲ. ನಾಲ್ಕು ಅಕ್ಷರದ ಪದಗಳಲ್ಲಿ, ಸಂಕೇತಗಳಲ್ಲಿ, ಬೇರೊಂದು ಸ್ಪೆಸಿಫಿಕೇಶನ್ನಿನ ನಂಬರಿನಲ್ಲಿ ಅಡಗಿರುತ್ತವೆ.

ಹೊಸ ಡ್ರಾಯಿಂಗ್ ಬಂದ ದಿನ ಪ್ರೋಗ್ರಾಂ ಬರೆಯಲು ಕೂಡಬೇಡಿ. ಒಂದು ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಕೆಳಗಿನ ಕ್ರಮದಲ್ಲಿ ಓದಿ. ಚಿತ್ರ ನೋಡುವುದು ಕೊನೆಗೆ.

ಮೊದಲು ಬಲಮೂಲೆಯ ಟೈಟಲ್ ಬ್ಲಾಕ್

ಇಲ್ಲಿ ಪಾರ್ಟ್ ನಂಬರ್, ರಿವಿಜನ್, ಶೀಟುಗಳ ಸಂಖ್ಯೆ, ಅಳತೆಯ ಮಾನ, ಪ್ರೊಜೆಕ್ಷನ್ ಸಂಕೇತ, ಯಾವ ಸ್ಟ್ಯಾಂಡರ್ಡ್ ಪ್ರಕಾರ ಓದಬೇಕು ಎಂಬುದು ಇರುತ್ತದೆ. ರಿವಿಜನ್ ಅಕ್ಷರವನ್ನು ಮೂರು ಕಡೆ ತಾಳೆ ನೋಡಿ: ಡ್ರಾಯಿಂಗ್, ಪರ್ಚೇಸ್ ಆರ್ಡರ್, ನಿಮ್ಮ ರೂಟ್ ಕಾರ್ಡ್ (ಜಾಬ್ ದಾಟಬೇಕಾದ ಹಂತಗಳ ಪಟ್ಟಿ). ಮೂರೂ ಒಂದೇ ಆಗಿರಬೇಕು. ಈಗ ಬಹಳ ಭಾಗಗಳಿಗೆ ಕ್ಯಾಡ್ ಮಾಡೆಲ್ಲೇ ಮೂಲ. ಕಾಗದದ ಮೇಲೆ ಮುಖ್ಯ ಅಳತೆಗಳಷ್ಟೇ ಇರುತ್ತವೆ. ಆಗ ಮಾಡೆಲ್ಲಿಗೂ ತನ್ನದೇ ರಿವಿಜನ್ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಡ್ರಾಯಿಂಗ್ ಹೊಸದು, ಮಾಡೆಲ್ ಹಳೆಯದು ಆಗಿ ಇಡೀ ಬ್ಯಾಚ್ ಹಾಳಾಗುವುದು ಈ ಕೆಲಸದಲ್ಲಿ ಅಪರೂಪವಲ್ಲ.

ಪ್ರೊಜೆಕ್ಷನ್ ಸಂಕೇತವೆಂದರೆ ತುದಿ ಕತ್ತರಿಸಿದ ಕೋನ್ ಮತ್ತು ಪಕ್ಕದಲ್ಲಿ ಎರಡು ವೃತ್ತ. ನಮ್ಮಲ್ಲಿ ಕಲಿಸುವುದು ಫಸ್ಟ್ ಆಂಗಲ್. ಯುರೋಪಿನ ಡ್ರಾಯಿಂಗುಗಳೂ ಹೆಚ್ಚಾಗಿ ಹಾಗೆಯೇ. ಅಮೆರಿಕದವು ಥರ್ಡ್ ಆಂಗಲ್. ಇದನ್ನು ತಪ್ಪಾಗಿ ಓದಿದರೆ ಬ್ರಾಕೆಟ್ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರುತ್ತದೆ, ಮತ್ತು ಅದರ ಪ್ರತಿಯೊಂದು ಅಳತೆಯೂ ಸರಿಯಾಗಿಯೇ ಇರುತ್ತದೆ. ಎಡ-ಬಲ ಜೋಡಿ ಇರುವ ಭಾಗಗಳಲ್ಲಿ ಇನ್ನೂ ಎಚ್ಚರ ಬೇಕು. ಪಾರ್ಟ್ ನಂಬರಿನ ಕೊನೆಗೆ ಡ್ಯಾಶ್ 1 ಎಂದರೆ ಚಿತ್ರದಲ್ಲಿ ತೋರಿಸಿದ್ದು, ಡ್ಯಾಶ್ 2 ಎಂದರೆ ಅದರ ಎದುರು ಕೈಯದು ಎಂಬ ರೂಢಿ ಅಮೆರಿಕದ ಬಹಳಷ್ಟು ಡ್ರಾಯಿಂಗುಗಳಲ್ಲಿದೆ. ಎದುರು ಕೈಯದಕ್ಕೆ ಪ್ರತ್ಯೇಕ ಚಿತ್ರವೇ ಇರುವುದಿಲ್ಲ.

ಅಳತೆ ಇಂಚಿನಲ್ಲಿದ್ದರೆ ದಶಮಾಂಶದ ನಂತರ ಎಷ್ಟು ಅಂಕಿಗಳಿವೆ ಎಂಬುದೇ ಟಾಲರೆನ್ಸನ್ನು (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿಯನ್ನು) ಹೇಳುತ್ತದೆ. ಎರಡು ಅಂಕಿಗೆ ಒಂದು, ಮೂರು ಅಂಕಿಗೆ ಇನ್ನೊಂದು; ಎಷ್ಟೆಂಬುದು ಬ್ಲಾಕಿನಲ್ಲೇ ಇರುತ್ತದೆ. 1.50 ಮತ್ತು 1.500 ಇಲ್ಲಿ ಬೇರೆ ಬೇರೆ. ಮಿಲಿಮೀಟರಿಗೆ ಬದಲಿಸುವಾಗ 25.4ರಿಂದ ಗುಣಿಸಿ, ಮಿತಿಗಳನ್ನು ಯಾವಾಗಲೂ ಒಳಮುಖವಾಗಿ ಪೂರ್ಣಗೊಳಿಸಿ. 0.010 ಇಂಚು 0.254 ಮಿ.ಮೀ. ಆಗುತ್ತದೆ, 0.25 ಎಂದು ಹಿಡಿಯಬಹುದು, 0.26 ಎಂದು ಹಿಡಿಯುವಂತಿಲ್ಲ.

ಭಾಗ ವಿಮಾನದ ಯಾವ ಕಡೆಯದೆಂದು ತಿಳಿದರೆ ಅದರ ಮಹತ್ವವೂ ತಿಳಿಯುತ್ತದೆ. ಸ್ಪಾರ್ ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆ. ರಿಬ್ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ. ಸ್ಟ್ರಿಂಗರ್ ಹೊರ ಹಾಳೆಗೆ ಒಳಗಿನಿಂದ ಬಲ ಕೊಡುವ ಸಣ್ಣ ಪಟ್ಟಿ. ಫ್ರೇಮ್ ಒಡಲಿನ ಬಳೆ. ಬಲ್ಕ್‌ಹೆಡ್ ಒಡಲನ್ನು ಅಡ್ಡಲಾಗಿ ತಡೆಯುವ ಗೋಡೆ. ಎಫ್ಎಸ್, ಬಿಎಲ್, ಡಬ್ಲ್ಯೂಎಲ್ ಎಂಬ ಅಕ್ಷರಗಳ ಮುಂದೆ ಅಂಕಿ ಕಂಡರೆ ಅದು ವಿಮಾನದೊಳಗಿನ ಸ್ಥಾನ: ಎಫ್ಎಸ್ ಮೂಗಿನ ಕಡೆಯಿಂದ ಹಿಂದಕ್ಕೆ, ಬಿಎಲ್ ನಡುಗೆರೆಯಿಂದ ಎಡ-ಬಲಕ್ಕೆ, ಡಬ್ಲ್ಯೂಎಲ್ ಎತ್ತರಕ್ಕೆ. ಇವು ಮಷಿನಿಂಗ್ ಅಳತೆಗಳಲ್ಲ, ಅವುಗಳಿಂದ ಪ್ರೋಗ್ರಾಂ ಸೊನ್ನೆ ಇಡಬೇಡಿ. ದಾಖಲೆಗಳಲ್ಲಿ ಎಟಿಎ ಅಧ್ಯಾಯ ಸಂಖ್ಯೆ (ವಿಮಾನದ ದಾಖಲೆಗಳನ್ನು ವಿಂಗಡಿಸುವ ಸಂಖ್ಯೆ) ಇದ್ದರೆ 27 ಹಾರಾಟ ನಿಯಂತ್ರಣ, 32 ಲ್ಯಾಂಡಿಂಗ್ ಗೇರ್, 53 ಒಡಲು, 57 ರೆಕ್ಕೆ.

ನೋಟ್ಸ್ ಮತ್ತು ಅದರ ಹಿಂದಿರುವ ಕಾಗದ

ಜನರಲ್ ನೋಟ್ಸ್ ಇಡೀ ಭಾಗಕ್ಕೆ ಅನ್ವಯ. ಬಾವುಟ ಅಥವಾ ತ್ರಿಕೋನದೊಳಗೆ ಅಂಕಿ ಇದ್ದರೆ ಅದು ಫ್ಲ್ಯಾಗ್ ನೋಟ್. ಅದೇ ಗುರುತು ಚಿತ್ರದಲ್ಲಿ ಎಲ್ಲಿದೆಯೋ ಅಲ್ಲಿಗಷ್ಟೇ ಅನ್ವಯ. ಒಂದೊಂದು ಫ್ಲ್ಯಾಗನ್ನೂ ಚಿತ್ರದಲ್ಲಿ ಹುಡುಕಿ ಕೆಂಪು ಸುತ್ತು ಹಾಕಿ. ಎಲ್ಲಿಯೂ ಸಿಗದಿದ್ದರೆ ಇನ್ನೊಂದು ಶೀಟ್ ಬಿಟ್ಟುಹೋಗಿದೆ ಎಂದರ್ಥ.

ನೋಟಿನಲ್ಲಿ ಎಎಂಎಸ್, ಎಎಸ್‌ಟಿಎಂ, ಎಂಐಎಲ್ ಎಂದು ಶುರುವಾಗುವ ನಂಬರ್ (ಲೋಹ, ಪ್ರೊಸೆಸ್, ಪರೀಕ್ಷೆಗಳ ಸ್ಪೆಸಿಫಿಕೇಶನ್) ಇದ್ದರೆ, ಅಥವಾ ಗ್ರಾಹಕ ಕಂಪನಿಯದೇ ಪ್ರೊಸೆಸ್ ನಂಬರ್ ಇದ್ದರೆ, ಆ ದಾಖಲೆಯೂ ಡ್ರಾಯಿಂಗಿನ ಭಾಗವೇ. ಅದನ್ನು ತರಿಸಿಕೊಂಡು ಓದದೆ ಕೊಟೇಶನ್ನನ್ನೂ ಕೊಡಬಾರದು. ಒಂದು ಸಾಲಿನ ಸ್ಪೆಸಿಫಿಕೇಶನ್ ನಂಬರಿನ ಹಿಂದೆ ಭಾಗದ ಬೆಲೆಗಿಂತ ದುಬಾರಿಯಾದ ಪರೀಕ್ಷೆ ಕೂತಿರಬಹುದು.

ಲೋಹದ ಹೆಸರಿನ ಪ್ರತಿ ಅಕ್ಷರಕ್ಕೂ ಬೆಲೆಯಿದೆ

ಅತಿ ಹೆಚ್ಚು ನಷ್ಟ ಆಗುವುದು ಇಲ್ಲಿ, ಏಕೆಂದರೆ ಈ ತಪ್ಪು ಮುಗಿದ ಭಾಗದ ಮೇಲೆ ಕಣ್ಣಿಗೆ ಕಾಣುವುದಿಲ್ಲ.

7075-ಟಿ7351 ಎಂಬುದನ್ನೇ ತೆಗೆದುಕೊಳ್ಳಿ. 7075 ಎಂದರೆ ಸತು ಮುಖ್ಯವಾಗಿ ಬೆರೆತ ಅಲ್ಯೂಮಿನಿಯಂ. 2024ರಲ್ಲಿ ತಾಮ್ರ ಮುಖ್ಯ. ಟಿ ನಂತರದ್ದು ಟೆಂಪರ್, ಅಂದರೆ ಶಾಖೋಪಚಾರದ ಸ್ಥಿತಿ. ಟಿ6 ಎಂದರೆ ಬಲ ಅತಿ ಹೆಚ್ಚು ಬರುವ ಮಟ್ಟಕ್ಕೆ ಹದಗೊಳಿಸಿದ್ದು. ಟಿ73 ಎಂದರೆ ಅದನ್ನೂ ದಾಟಿಸಿ ಹದಗೊಳಿಸಿದ್ದು. ಬಲ ಸ್ವಲ್ಪ ತಗ್ಗುತ್ತದೆ, ಆದರೆ ಎಳೆತ ಮತ್ತು ತುಕ್ಕು ಎರಡೂ ಸೇರಿ ಉಂಟುಮಾಡುವ ಬಿರುಕನ್ನು, ಅಂದರೆ ಸ್ಟ್ರೆಸ್ ಕರೋಜನ್ನನ್ನು, ತಡೆಯುವ ಗುಣ ಬಹಳ ಹೆಚ್ಚುತ್ತದೆ. ಕೊನೆಯ 51 ಎಂದರೆ ಪ್ಲೇಟನ್ನು ಶೇ 1.5ರಿಂದ 3ರಷ್ಟು ಎಳೆದು ಒಳಗಿನ ಬಿಗಿತ ಬಿಡಿಸಿದ್ದಾರೆ. ಆದ್ದರಿಂದ «ಟಿ7351 ಸಿಗಲಿಲ್ಲ, ಟಿ651 ಇನ್ನೂ ಗಟ್ಟಿ, ಅದನ್ನೇ ಹಾಕೋಣ» ಎನ್ನುವುದು ದೊಡ್ಡ ಅಪಾಯ. ಗಟ್ಟಿಯಾದ ಲೋಹವೇ ಮೊದಲು ಬಿರುಕು ಬಿಡುತ್ತದೆ.

ಎರಡೂ ಪ್ಲೇಟ್ ಕಲೆತು ಹೋಗಿದ್ದರೆ ಬರೀ ಹಾರ್ಡ್‌ನೆಸ್ ನೋಡಿ ಬೇರ್ಪಡಿಸುವುದು ಸಾಲದು. ವಿದ್ಯುತ್ ವಾಹಕತೆಯ ಮೀಟರ್ ಜೊತೆಗೆ ಬೇಕು: ಟಿ6 ಸ್ಥಿತಿಯ 7075 ಸುಮಾರು 33 ಶೇಕಡ ಐಎಸಿಎಸ್ (ತಾಮ್ರದ ವಾಹಕತೆಯನ್ನು 100 ಎಂದು ಹಿಡಿದ ಮಾನ) ತೋರಿಸುತ್ತದೆ, ಟಿ73 ಸ್ಥಿತಿಯದು 38 ಅಥವಾ ಅದಕ್ಕಿಂತ ಹೆಚ್ಚು. ಆದರೆ ಅಲ್ಲಿಯವರೆಗೆ ಹೋಗುವ ಪ್ರಸಂಗವೇ ಬರಬಾರದು. ಪ್ಲೇಟ್ ಕತ್ತರಿಸುವ ಮೊದಲೇ ಹೀಟ್ ನಂಬರ್ (ಒಮ್ಮೆಗೆ ಕರಗಿಸಿದ ಲೋಹದ ಗುರುತು) ಮತ್ತು ಲಾಟ್ ನಂಬರನ್ನು ಪ್ರತಿ ತುಂಡಿಗೂ ವರ್ಗಾಯಿಸಿ ಬರೆಯಿರಿ. ಕತ್ತರಿಸಿದ ನಂತರ ಬರೆದದ್ದು ಊಹೆ ಮಾತ್ರ. ನಂಬರ್ ಇಲ್ಲದ ತುಂಡು, ಅದರ ಮಿಲ್ ಸರ್ಟಿಫಿಕೇಟ್ ಕಪಾಟಿನಲ್ಲಿದ್ದರೂ, ವಿಮಾನದ ಕೆಲಸಕ್ಕೆ ಬಾರದು.

ಗ್ರೇನ್ ದಿಕ್ಕಿನ ಬಾಣವನ್ನು ಮರೆಯಬೇಡಿ. ಉರುಳಿಸಿ ತಯಾರಿಸಿದ ಪ್ಲೇಟಿನಲ್ಲಿ ಲೋಹದ ಕಣಗಳು ಉರುಳಿದ ದಿಕ್ಕಿಗೆ ಚಪ್ಪಟೆಯಾಗಿ ಮಲಗಿರುತ್ತವೆ. ಎಲ್ ಎಂದರೆ ಉದ್ದದ ದಿಕ್ಕು, ಎಲ್‌ಟಿ ಅಗಲದ್ದು, ಎಸ್‌ಟಿ ದಪ್ಪದ್ದು. ಕಟ್ಟಿಗೆ ಎಳೆಗುಂಟ ಸೀಳುವಂತೆ ಎಸ್‌ಟಿ ದಿಕ್ಕಿನ ಎಳೆತಕ್ಕೆ ಪ್ಲೇಟ್ ಬಲುಬೇಗ ಸೋಲುತ್ತದೆ; ಸ್ಟ್ರೆಸ್ ಕರೋಜನ್ ಬಿರುಕು ಹೆಚ್ಚಾಗಿ ಹುಟ್ಟುವುದೂ ಅದೇ ದಿಕ್ಕಿನಲ್ಲಿ. ಒಂದು ಪ್ಲೇಟಿನಲ್ಲಿ ಎರಡು ತುಂಡು ಹೆಚ್ಚು ಬರಲೆಂದು ಬ್ಲ್ಯಾಂಕನ್ನು (ಭಾಗಕ್ಕೆಂದು ಪ್ಲೇಟಿನಿಂದ ಕತ್ತರಿಸುವ ತುಂಡನ್ನು) 90 ಡಿಗ್ರಿ ತಿರುಗಿಸಿ ಕತ್ತರಿಸಿದರೆ ಸಿಎಂಎಂ (ಬಿಂದು ಬಿಂದುವಾಗಿ ಮುಟ್ಟಿ ಅಳೆಯುವ ಯಂತ್ರ) ಅದನ್ನು ಹಿಡಿಯಲಾರದು. ಬ್ಲ್ಯಾಂಕಿನ ಮೇಲೆ ಗ್ರೇನ್ ಬಾಣವನ್ನು ಮಾರ್ಕರಿನಿಂದ ಎಳೆದು, ಅದು ಫಿಕ್ಸ್ಚರಿನಲ್ಲಿ ಯಾವ ಕಡೆಗೆ ಮುಖ ಮಾಡಬೇಕೆಂದು ಸೆಟಪ್ ಶೀಟಿನಲ್ಲಿ ಬರೆಯುವುದು ಇದಕ್ಕೆ ಇರುವ ಒಂದೇ ಕಾವಲು.

ಬೈ-ಟು-ಫ್ಲೈ ಎಂಬ ಮಾತು ಕಿವಿಗೆ ಬೀಳುತ್ತಿರುತ್ತದೆ. ತಂದ ಲೋಹದ ತೂಕವನ್ನು ಮುಗಿದ ಭಾಗದ ತೂಕದಿಂದ ಭಾಗಿಸಿದ್ದು ಅದು: 40 ಕಿಲೋ ಪ್ಲೇಟಿನಿಂದ 4 ಕಿಲೋ ರಿಬ್ ಬಂದರೆ ಅನುಪಾತ 10. ಇಷ್ಟು ಲೋಹ ತೆಗೆದರೆ ಉಳಿದ ಬಿಗಿತ ಭಾಗವನ್ನು ಬಗ್ಗಿಸುತ್ತದೆ. ಒಂದೇ ಬದಿಯನ್ನು ಪೂರ್ತಿ ಮುಗಿಸಬೇಡಿ. ಎರಡೂ ಬದಿ ರಫ್ ಮಾಡಿ, ಕ್ಲಾಂಪ್ ಬಿಡಿಸಿ ಭಾಗ ತಾನಾಗಿ ಸಡಿಲಗೊಳ್ಳಲು ಬಿಟ್ಟು, ಡೇಟಮ್ ಮುಖವನ್ನು (ಅಳತೆ ಶುರುವಾಗುವ ಮುಖವನ್ನು) ಮತ್ತೆ ತೆಳುವಾಗಿ ಹೊಡೆದು, ಆಮೇಲೆ ಫಿನಿಶ್ ಮಾಡಿ. ತಪಾಸಣೆಯನ್ನೂ ಕ್ಲಾಂಪ್ ಬಿಡಿಸಿಯೇ ಮಾಡಬೇಕು. ಇದನ್ನು ಫ್ರೀ ಸ್ಟೇಟ್ ಎನ್ನುತ್ತಾರೆ. ಎಷ್ಟು ಬಲದಿಂದ ಒತ್ತಿ ಹಿಡಿದು ಅಳೆಯಬಹುದು ಎಂದು ಡ್ರಾಯಿಂಗ್ ಹೇಳಿದ್ದರೆ ಮಾತ್ರ ಒತ್ತಬಹುದು.

ಡೇಟಮ್, ಪೊಸಿಷನ್, ಬೋನಸ್

ಡೇಟಮ್ ಎ, ಬಿ, ಸಿ ಎಂದರೆ ಅಳತೆ ಎಲ್ಲಿಂದ ಶುರು ಎಂಬುದರ ಕ್ರಮ. ಎ ಮುಖ ಮೂರು ಬಿಂದುಗಳಲ್ಲಿ ಕೂರಬೇಕು, ಬಿ ಎರಡರಲ್ಲಿ, ಸಿ ಒಂದರಲ್ಲಿ. ಆರು ಚಲನೆಗಳೂ ಹೀಗೆ ಬಂದ್ ಆಗುತ್ತವೆ. ಫಿಕ್ಸ್ಚರ್ ಮಾಡುವವರು, ಪ್ರೋಗ್ರಾಂ ಬರೆಯುವವರು, ಸಿಎಂಎಂ ನಡೆಸುವವರು ಮೂವರೂ ಇದೇ ಕ್ರಮ ಹಿಡಿಯಬೇಕು. ಸೆಟ್ಟಿಂಗಿಗೆ ಅನುಕೂಲವೆಂದು ಬಿ ಮುಖವನ್ನು ಮೊದಲು ಕೂರಿಸಿದರೆ, ಎ ಮತ್ತು ಬಿ ನಡುವಿನ ಕೋನದ ಸಣ್ಣ ತಪ್ಪು ದೂರದ ತೂತಿನ ಹೊತ್ತಿಗೆ ದೊಡ್ಡದಾಗಿ ಬೆಳೆದಿರುತ್ತದೆ.

ಟ್ರೂ ಪೊಸಿಷನ್ನನ್ನು (ಕೇಂದ್ರ ತನ್ನ ನಿಜ ಸ್ಥಾನದಿಂದ ಎಷ್ಟು ಸರಿಯಬಹುದೆಂಬ ಮಿತಿಯನ್ನು) ಪ್ಲಸ್-ಮೈನಸ್ ಎಂದು ಓದುವುದು ಅತಿ ಸಾಮಾನ್ಯ ತಪ್ಪು. ತೂತಿಗೆ ಪೊಸಿಷನ್ ವ್ಯಾಸ 0.25 ಎಂದಿದೆ ಅನ್ನಿ. ನಿಮ್ಮ ತೂತಿನ ಕೇಂದ್ರ ಎಕ್ಸ್ ದಿಕ್ಕಿಗೆ 0.09, ವೈ ದಿಕ್ಕಿಗೆ 0.12 ಸರಿದಿದೆ. ಎರಡೂ 0.125ರ ಒಳಗಿವೆ, ಪಾಸ್ ಎನಿಸುತ್ತದೆ. ಲೆಕ್ಕ ಹೀಗೆ: ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 0.15, ಅದನ್ನು ಎರಡರಿಂದ ಗುಣಿಸಿದರೆ 0.30. ಮಿತಿ 0.25, ಆದ್ದರಿಂದ ಫೇಲ್. ಟಾಲರೆನ್ಸ್ ವಲಯ ದುಂಡಗಿದೆ, ಚೌಕವಾಗಿಲ್ಲ.

ಅದೇ ಚೌಕಟ್ಟಿನಲ್ಲಿ 0.25ರ ಮುಂದೆ ವೃತ್ತದೊಳಗೆ ಎಂ ಇದ್ದರೆ ಕತೆ ಬೇರೆ. ಅದು ಎಂಎಂಸಿ, ಲೋಹ ಅತಿ ಹೆಚ್ಚು ಇರುವ ಸ್ಥಿತಿ. ತೂತಿಗೆ ಅದು ಅತಿ ಚಿಕ್ಕ ವ್ಯಾಸ, ಪಿನ್ನಿಗೆ ಅತಿ ದೊಡ್ಡ ವ್ಯಾಸ. ತೂತಿನ ಮಿತಿ 6.35ರಿಂದ 6.43 ಇದ್ದು, ನಿಮ್ಮದು 6.41 ಬಂದಿದ್ದರೆ 6.35ಕ್ಕಿಂತ ಹೆಚ್ಚಾದ 0.06 ಬೋನಸ್ ಆಗಿ ಸಿಗುತ್ತದೆ. 0.25ಕ್ಕೆ 0.06 ಸೇರಿ 0.31, ನಿಮ್ಮ 0.30 ಈಗ ಪಾಸ್. ಎಂ ಇಲ್ಲದ ಕಡೆ ಬೋನಸ್ ಕೊಟ್ಟುಕೊಂಡರೆ ಕೆಟ್ಟ ಭಾಗ ಹೊರಹೋಗುತ್ತದೆ, ಎಂ ಇರುವ ಕಡೆ ಮರೆತರೆ ಒಳ್ಳೆಯ ಭಾಗ ಗುಜರಿಗೆ ಹೋಗುತ್ತದೆ. ರಿಪೋರ್ಟಿನಲ್ಲಿ ತೂತಿನ ನಿಜ ವ್ಯಾಸವನ್ನೂ ಪೊಸಿಷನ್ನಿನ ಪಕ್ಕದಲ್ಲೇ ಬರೆಯಿರಿ, ಇಲ್ಲದಿದ್ದರೆ ಬೋನಸ್ ಲೆಕ್ಕವನ್ನು ಯಾರೂ ಪರೀಕ್ಷಿಸಲಾಗದು.

ಪ್ರೊಫೈಲ್ (ಮೇಲ್ಮೈಯ ಆಕಾರದ ಮಿತಿ) 0.5 ಎಂದರೆ ಮೇಲ್ಮೈಯ ಎರಡೂ ಕಡೆ ಸೇರಿ 0.5, ಅಂದರೆ ಆ ಕಡೆ 0.25, ಈ ಕಡೆ 0.25. ವೃತ್ತದೊಳಗೆ ಯು ಇದ್ದರೆ ಹಂಚಿಕೆ ಬೇರೆ, ಅದನ್ನು ಬಿಡಿಸಿ ಬರೆದಿರುತ್ತಾರೆ.

ಇನ್ನೊಂದು ಸೂಕ್ಷ್ಮ: ಎಎಸ್ಎಂಇ ವೈ14.5 (ಅಮೆರಿಕದ ಡ್ರಾಯಿಂಗ್ ಸ್ಟ್ಯಾಂಡರ್ಡ್) ಪ್ರಕಾರದ ಡ್ರಾಯಿಂಗಿನಲ್ಲಿ ವ್ಯಾಸದ ಮಿತಿ ಆಕಾರವನ್ನೂ ಕಟ್ಟಿಹಾಕುತ್ತದೆ. ಪಿನ್ನಿನ ಮಿತಿ 9.95ರಿಂದ 10.00. ಮೈಕ್ರೋಮೀಟರ್ ಎಲ್ಲ ಕಡೆ 9.98 ತೋರಿಸುತ್ತದೆ, ಆದರೆ ಪಿನ್ 0.06 ಬಾಗಿದೆ. ಒಟ್ಟು 10.04ರ ತೂತು ಬೇಕಾಗುತ್ತದೆ, ಆದ್ದರಿಂದ ತಿರಸ್ಕೃತ. ಐಎಸ್ಒ 8015 ಪ್ರಕಾರದ ಡ್ರಾಯಿಂಗಿನಲ್ಲಿ ಅದೇ ಪಿನ್ ಅಳತೆಯಲ್ಲಿ ಪಾಸ್. ನೇರತೆಗೆ ಬೇರೆ ಮಿತಿ ನೋಡಬೇಕು, ಅಥವಾ ವೃತ್ತದೊಳಗಿನ ಇ ಇದೆಯೇ ನೋಡಬೇಕು. ಟೈಟಲ್ ಬ್ಲಾಕಿನಲ್ಲಿ ಸ್ಟ್ಯಾಂಡರ್ಡ್ ಹೆಸರನ್ನು ಮೊದಲೇ ಓದಲು ಹೇಳಿದ್ದು ಇದಕ್ಕಾಗಿ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಡ್ರಾಯಿಂಗಿನ ಎಲ್ಲ ಅಳತೆಗಳು 20 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ 35 ಡಿಗ್ರಿ ಇದ್ದರೆ 500 ಮಿ.ಮೀ. ಉದ್ದದ ಅಲ್ಯೂಮಿನಿಯಂ ಭಾಗ ಸುಮಾರು 0.17 ಮಿ.ಮೀ. ಹಿಗ್ಗಿರುತ್ತದೆ. ಉಕ್ಕಿನ ವರ್ನಿಯರ್ ಕೂಡ ಹಿಗ್ಗುತ್ತದೆ, ಆದರೆ ಅರ್ಧದಷ್ಟೇ. ಅಲ್ಲಿ ಅಳೆದು ಸರಿಮಾಡಿದ ಭಾಗ ತಣ್ಣಗಿನ ಸಿಎಂಎಂ ಕೋಣೆಯಲ್ಲಿ 0.09ರಷ್ಟು ಗಿಡ್ಡವಾಗುತ್ತದೆ, ಪ್ಲಸ್-ಮೈನಸ್ 0.1ರ ಟಾಲರೆನ್ಸ್ ಬಹುತೇಕ ಅಲ್ಲೇ ಮುಗಿಯಿತು. ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಇದು ಇನ್ನೂ ಹೆಚ್ಚು. ಉದ್ದದ ಭಾಗಗಳ ಕೊನೆಯ ಕಟಿಂಗಿಗೆ ಮುನ್ನ ಕೂಲಂಟಿನ ಮತ್ತು ಭಾಗದ ಉಷ್ಣತೆ ಅಳೆದು ತಿದ್ದುಪಡಿ ಹಾಕಿ, ಮತ್ತು ಸಿಎಂಎಂ ಕೋಣೆಯಲ್ಲಿ ಭಾಗ ಪೂರ್ತಿ ತಣಿಯುವವರೆಗೆ ಇಟ್ಟು ಆಮೇಲೆ ಅಳೆಯಿರಿ.

ಸ್ಪೆಷಲ್ ಪ್ರೊಸೆಸ್

ಶಾಖೋಪಚಾರ, ಅನೊಡೈಸಿಂಗ್, ಪ್ಲೇಟಿಂಗ್, ವೆಲ್ಡಿಂಗ್, ಬಿರುಕು ಪತ್ತೆ ಪರೀಕ್ಷೆ ಇವೆಲ್ಲ ಸ್ಪೆಷಲ್ ಪ್ರೊಸೆಸ್. ಮುಗಿದ ಮೇಲೆ ನೋಡಿ ಗುಣಮಟ್ಟ ಹೇಳಲಾಗದ ಕೆಲಸಗಳು ಇವು. ಅದಕ್ಕೇ ಮಾಡುವ ಘಟಕಕ್ಕೆ ನ್ಯಾಡ್‌ಕ್ಯಾಪ್ ಮಾನ್ಯತೆಯನ್ನೂ (ವಿಮಾನೋದ್ಯಮದಲ್ಲಿ ಇಂಥ ಘಟಕಗಳಿಗೆ ಕೊಡುವ ಮಾನ್ಯತೆ), ಎಷ್ಟೋ ಸಲ ಗ್ರಾಹಕರ ಪ್ರತ್ಯೇಕ ಅನುಮೋದನೆಯನ್ನೂ ಕೇಳುತ್ತಾರೆ. ಮಾನ್ಯತೆ ಇದೆ ಎಂದರೆ ಸಾಲದು, ನಿಮಗೆ ಬೇಕಾದ ಪ್ರೊಸೆಸ್ ಅದರ ವ್ಯಾಪ್ತಿಯಲ್ಲಿದೆಯೇ, ಅವಧಿ ಮುಗಿದಿಲ್ಲವೇ ನೋಡಿ.

ಅಳತೆ ಲೇಪನದ ಮೊದಲಿನದೋ ನಂತರದ್ದೋ ಎಂದು ನೋಟ್ಸಿನಲ್ಲಿ ಹುಡುಕಿ. ಹಾರ್ಡ್ ಅನೊಡೈಸಿಂಗಿನಲ್ಲಿ 50 ಮೈಕ್ರಾನ್ ಪದರ ಬಂದರೆ ಸುಮಾರು ಅರ್ಧ ಲೋಹದೊಳಗೆ, ಅರ್ಧ ಹೊರಗೆ ಬೆಳೆಯುತ್ತದೆ. 25 ಮೈಕ್ರಾನ್ ಪ್ರತಿ ಗೋಡೆಗೆ, ಅಂದರೆ ಬೋರಿನ ವ್ಯಾಸ 50 ಮೈಕ್ರಾನ್ ಚಿಕ್ಕದಾಗುತ್ತದೆ. 60 ಡಿಗ್ರಿ ಥ್ರೆಡ್ಡಿನ ಪಿಚ್ ವ್ಯಾಸ ಪದರದ ಹೊರಬೆಳವಣಿಗೆಯ ನಾಲ್ಕು ಪಟ್ಟು ಬದಲಾಗುತ್ತದೆ, ಇಲ್ಲಿ 100 ಮೈಕ್ರಾನ್; ಗೋ ಗೇಜ್ (ಸರಿಯಾದ ಥ್ರೆಡ್ಡಿನೊಳಗೆ ಹೋಗಲೇಬೇಕಾದ ಗೇಜ್) ಒಳಹೋಗುವುದೇ ಇಲ್ಲ. ಆದ್ದರಿಂದ ಥ್ರೆಡ್ ಮತ್ತು ಬಿಗಿ ಬೋರುಗಳನ್ನು ಮಾಸ್ಕ್ ಮಾಡಬೇಕೇ, ಮುಂಚೆಯೇ ದೊಡ್ಡದಾಗಿ ಕತ್ತರಿಸಬೇಕೇ ಎಂದು ಮಷಿನಿಂಗಿಗೆ ಮೊದಲೇ ತೀರ್ಮಾನಿಸಿ.

ಎಫ್‌ಪಿಐ ಎಂದರೆ ಹೊಳೆಯುವ ದ್ರವ ಹಚ್ಚಿ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಬಿರುಕು ನೋಡುವ ಪರೀಕ್ಷೆ. ಮಷಿನಿಂಗ್ ಆದ ಮೆತ್ತನೆ ಲೋಹದ ಮೇಲ್ಮೈ ಬಳಿದಂತಾಗಿ ಬಿರುಕಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಪರೀಕ್ಷೆಗೆ ಮೊದಲು ಎಚ್ಚಿಂಗ್ ಮಾಡಿ (ರಾಸಾಯನಿಕದಿಂದ ಕರಗಿಸಿ) ಆ ಪದರ ತೆಗೆಯಬೇಕು. ಎಚ್ಚಿಂಗ್ ಬಿಟ್ಟರೆ ವರದಿ ಶುಭ್ರವಾಗಿರುತ್ತದೆ, ಭಾಗ ಶುಭ್ರವಾಗಿರುವುದಿಲ್ಲ. ದ್ರವ ಇಳಿಯಲು ಕನಿಷ್ಠ 10 ನಿಮಿಷ ಬಿಡಬೇಕು.

ಹೆಚ್ಚು ಬಲದ ಉಕ್ಕಿಗೆ ಕ್ಯಾಡ್ಮಿಯಂ ಪ್ಲೇಟಿಂಗ್ ಮಾಡಿದಾಗ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ. ಇದನ್ನು ಹೊರಹಾಕಲು ಪ್ಲೇಟಿಂಗ್ ಮುಗಿದ ಕೆಲವೇ ಗಂಟೆಗಳಲ್ಲಿ ಸುಮಾರು 190 ಡಿಗ್ರಿಯಲ್ಲಿ ಬೇಕ್ ಮಾಡಬೇಕು. 23 ಗಂಟೆ ಎಂಬುದು ಹಲವು ಸ್ಪೆಸಿಫಿಕೇಶನ್ನುಗಳಲ್ಲಿ ಕಾಣುವ ಅವಧಿ. ಪ್ಲೇಟಿಂಗಿನಿಂದ ಓವನ್ನಿಗೆ ಹೋದ ಸಮಯವನ್ನು ಗಡಿಯಾರ ನೋಡಿ ಬರೆಯಬೇಕು. ತಡವಾದರೆ ಆಮೇಲೆ ಎಷ್ಟು ಕಾಯಿಸಿದರೂ ಆದ ಹಾನಿ ಹೋಗದಿರಬಹುದು. ಕ್ಯಾಡ್ಮಿಯಂ ಲೇಪಿತ ಬೋಲ್ಟು, ಕ್ಲಾಂಪುಗಳನ್ನು ಟೈಟಾನಿಯಂ ಭಾಗಕ್ಕೆ ತಾಗಿಸಲೇಬೇಡಿ. ಅದು ಟೈಟಾನಿಯಂನಲ್ಲಿ ಬಿರುಕು ಹುಟ್ಟಿಸುತ್ತದೆ.

ಎಡ್ಜ್ ಬ್ರೇಕ್ ಎಂದರೆ ಅಂಚಿನ ಚೂಪು ಮುರಿಯುವುದು. 0.1ರಿಂದ 0.4 ಎಂದಿದ್ದರೆ 0.8 ಮಾಡುವುದೂ ತಪ್ಪೇ. ಬರ್ (ಕತ್ತರಿಸುವಾಗ ಅಂಚಿನಲ್ಲಿ ಉಳಿಯುವ ಚೂಪು ಚೂರು) ಉಳಿದ ಅಂಚಿನಿಂದಲೂ ಆಯಾಸದ ಬಿರುಕು ಶುರುವಾಗುತ್ತದೆ, ಫೈಲ್ ಅಡ್ಡ ಎಳೆದ ಗೀರಿನಿಂದಲೂ.

ಎಫ್ಎಐ ಮತ್ತು ತಪ್ಪಾದಾಗಿನ ಪದಗಳು

ಮೊದಲ ಭಾಗದ ಪೂರ್ಣ ತಪಾಸಣೆ ಎಫ್ಎಐ. ಅದರ ಸ್ಟ್ಯಾಂಡರ್ಡ್ ಎಎಸ್ 9102. ಮೂರು ಫಾರ್ಮ್: ಒಂದರಲ್ಲಿ ಪಾರ್ಟ್ ನಂಬರುಗಳು, ಎರಡರಲ್ಲಿ ಲೋಹ, ಸ್ಪೆಷಲ್ ಪ್ರೊಸೆಸ್, ಕಾರ್ಯ ಪರೀಕ್ಷೆ, ಮೂರರಲ್ಲಿ ಪ್ರತಿ ಅಳತೆ. ಡ್ರಾಯಿಂಗಿನ ಪ್ರತಿ ಅಳತೆಗೂ ನೋಟಿಗೂ ಒಂದು ದುಂಡು ನಂಬರ್ ಹಾಕುವುದು ಬಲೂನಿಂಗ್. ಜನ ಅಳತೆಗಳಿಗೆ ಬಲೂನ್ ಹಾಕಿ ನೋಟ್ಸ್ ಬಿಡುತ್ತಾರೆ. ಆಡಿಟರ್ ಮೊದಲು ನೋಡುವುದೇ ಅಲ್ಲಿ. ವಿನ್ಯಾಸ, ಮೆಟೀರಿಯಲ್, ಟೂಲಿಂಗ್, ಎನ್‌ಸಿ ಪ್ರೋಗ್ರಾಂ, ತಯಾರಿಕೆಯ ಜಾಗ ಇವು ಬದಲಾಗಿ ಭಾಗದ ಮೇಲೆ ಪರಿಣಾಮ ಆಗಬಹುದಾದರೆ, ಅಥವಾ ಎರಡು ವರ್ಷ ಉತ್ಪಾದನೆ ನಿಂತಿದ್ದರೆ, ಎಫ್ಎಐ ಪೂರ್ತಿಯಾಗಿಯೋ ಭಾಗಶಃವೋ ಮತ್ತೆ ಮಾಡಬೇಕು. ಉದ್ಯಮಬಾಗದ ಶೆಡ್ಡಿನಿಂದ ಯಂತ್ರವನ್ನು ಹತ್ತರಗಿಗೆ ಸಾಗಿಸಿದರೂ ಅದು ಜಾಗದ ಬದಲಾವಣೆಯೇ.

ಭಾಗ ಮಿತಿ ಮೀರಿತೆಂದರೆ ಎರಡು ಪದಗಳನ್ನು ಬೇರೆಯಾಗಿಡಿ. ರೀವರ್ಕ್ ಎಂದರೆ ಮತ್ತೆ ಕೆಲಸ ಮಾಡಿ ಡ್ರಾಯಿಂಗಿಗೆ ಪೂರ್ತಿ ಹೊಂದಿಸುವುದು: ತೂತು ಚಿಕ್ಕದಾಗಿತ್ತು, ಮತ್ತೆ ರೀಮ್ ಮಾಡಿದಿರಿ. ರಿಪೇರ್ ಎಂದರೆ ಡ್ರಾಯಿಂಗಿಗೆ ಹೊಂದದಿದ್ದರೂ ಬಳಸಲು ಬರುವಂತೆ ಮಾಡುವುದು: ತೂತು ದೊಡ್ಡದಾಗಿತ್ತು, ಬುಶ್ ಹಾಕಿದಿರಿ. ರಿಪೇರನ್ನು ಗ್ರಾಹಕರ ಅನುಮತಿ ಕೈಗೆ ಬಂದ ಮೇಲೆಯೇ ಮಾಡಬೇಕು. ಅನುಮತಿಯ ನಂಬರನ್ನು ಸರ್ಟಿಫಿಕೇಟ್ ಆಫ್ ಕನ್ಫರ್ಮಿಟಿಯಲ್ಲಿ ಬರೆಯಬೇಕು, ಮತ್ತು ಆ ಅನುಮತಿ ಅದರಲ್ಲಿ ಹೆಸರಿಸಿದ ಸೀರಿಯಲ್ ನಂಬರುಗಳಿಗೆ ಮಾತ್ರ. ಮುಂದಿನ ಲಾಟಿಗೆ ಹೊಸದಾಗಿ ಕೇಳಬೇಕು. ಸ್ಕ್ರಾಪ್ ಎಂದು ನಿರ್ಧರಿಸಿದ ಭಾಗಕ್ಕೆ ಅಳಿಸಲಾಗದ ಗುರುತು ಹಾಕಿ ಬೇರೆ ಬೀಗದೊಳಗಿಟ್ಟು, ಯಾರೂ ಮತ್ತೆ ಜೋಡಿಸಲಾಗದಂತೆ ಕತ್ತರಿಸಿ, ಆಮೇಲಷ್ಟೇ ಗುಜರಿಗೆ ಕೊಡಿ.